ಅಚ್ಚು ಹೆಚ್ಚಾದರೆ ಹೊರೆಯೂ ಹೆಚ್ಚಬೇಕೇ?

ದಸರೆ ಸಮೀಪಿಸಿತೆಂದರೆ ನಮ್ಮ ಜತ್ತ ತಾಲೂಕಿನ ಹಳ್ಳಿಗಳಲ್ಲಿ ಕಬ್ಬಿನ ಹಂಗಾಮಿನ ಮಾತು ಸುರುವಾಗುತ್ತದೆ. ಒಂದು ಕಾಲಕ್ಕೆ ಜೋಳ, ಸಜ್ಜೆಯ ಹೊರತು ಬೇರೆ ಬೆಳೆ ಕಾಣದಿದ್ದ ಹೊಲಗಳಿಗೆ ಮ್ಹೈಸಾಳ ಯೋಜನೆಯ ನೀರು ಮುಟ್ಟಿದಲ್ಲೆಲ್ಲ ಇಂದು ಕಬ್ಬು ನಿಂತಿದೆ. ಕಬ್ಬು ಬಂದ ಮೇಲೆ ಅದನ್ನು ಹೊರುವ ಟ್ರಾಕ್ಟರು ಬಂತು. ಟ್ರಾಕ್ಟರಿನ ಬೆನ್ನಿಗೆ ಟ್ರಾಲಿ ಬಂತು. ಟ್ರಾಲಿಯ ಬೆನ್ನಿಗೆ ಬ್ಯಾಂಕಿನ ಸಾಲವೂ ಬಂತು.

ಹೋದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು, “ಗುರುಗಳ, ಸಾಲ ಮಂಜೂರಾಗೇತ್ರಿ. ಎರಡು ಗಾಲೀದು ತಗೊಳ್ಳಲೇನ್ರಿ, ನಾಕು ಗಾಲೀದು ತಗೊಳ್ಳಲೇನ್ರಿ?” ಎಂದು ಕೇಳಿದ. “ಏನು ಹೊರಬೇಕಪ್ಪಾ?” ಎಂದೆ. “ನಾಕು ಗಾಲೀದು ತಗೊಂಡರ ಎರಡರಷ್ಟು ಹಾಕಬೌದಲ್ರಿ” ಎಂದ. ಅವನ ಈ ಮಾತಿಗಾಗಿಯೇ ನಾನು ಈ ಲೇಖನ ಬರೆಯಬೇಕಾಯಿತು. ಅಚ್ಚು ಎರಡಾದರೆ ಹೊರೆ ಎರಡರಷ್ಟಾಗಬಹುದೆಂಬ ನಂಬಿಕೆ ಅವನೊಬ್ಬನದಲ್ಲ, ನಮ್ಮೆಲ್ಲರದು. ಅದು ತಪ್ಪು ನಂಬಿಕೆ. ಕೇವಲ ಪುಸ್ತಕದ ತಪ್ಪಲ್ಲ, ರಸ್ತೆಯಲ್ಲಿ ಜೀವ ತೆಗೆಯುವ ತಪ್ಪು.

ಚಕ್ಕಡಿ ಕಲಿಸಿದ ಪಾಠ

ನಮ್ಮ ಹಿರಿಯರಿಗೆ ಈ ವಿಷಯ ಹೇಳಿಕೊಡಬೇಕಾಗಿರಲಿಲ್ಲ. ಚಕ್ಕಡಿಗೆ ಒಂದೇ ಅಚ್ಚು. ಹೇರನ್ನು ಮುಂದೆ ಹೆಚ್ಚು ಹಾಕಿದರೆ ನೊಗ ಎತ್ತಿನ ಹೆಗಲ ಮೇಲೆ ಕೂತು ಚರ್ಮ ಸುಲಿಯುತ್ತದೆ. ಹಿಂದೆ ಹೆಚ್ಚು ಹಾಕಿದರೆ ನೊಗ ಮೇಲೆದ್ದು, ಕೊರಳಿಗೆ ಕಟ್ಟಿದ ಜತ್ತಿಗೆ ಎತ್ತಿನ ಉಸಿರು ಕಟ್ಟುತ್ತದೆ. ಅದಕ್ಕೇ ನನ್ನ ತಂದೆ ಹೇರು ಮುಗಿದ ಕೂಡಲೆ ನೊಗವನ್ನು ಒಮ್ಮೆ ಕೈಯಿಂದ ಎತ್ತಿ ನೋಡುತ್ತಿದ್ದರು. ಸ್ವಲ್ಪ ಭಾರ ಕೈಗೆ ಹತ್ತಿದರೆ ಸರಿ. ತಾನಾಗಿ ಮೇಲೆದ್ದರೆ ಎರಡು ಮೂಟೆ ಮುಂದಕ್ಕೆ ಸರಿಸುತ್ತಿದ್ದರು. ದಾರಿ ಏರಿದರೆ ತಾವೇ ಮುಂದೆ ಬಂದು ಕೂಡ್ರುವರು, ಇಳಿದರೆ ಹಿಂದೆ ಸರಿಯುವರು. ಎತ್ತು ಮೂಕ ಪ್ರಾಣಿಯಾದರೂ ನಿಂತು, ಮಲಗಿ, ತಲೆ ಕೊಡವಿ ತನ್ನ ಕಷ್ಟ ಹೇಳುತ್ತಿತ್ತು. ಟ್ರಾಕ್ಟರು ಹೇಳುವುದಿಲ್ಲ. ಅದು ಹೇಳುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ.

ಎರಡು ಗಾಲಿಯ ಟ್ರಾಲಿಯೆಂದರೆ ಕಬ್ಬಿಣದ ಚಕ್ಕಡಿಯೇ. ಅದರ ಭಾರದ ಬಹುಪಾಲು ಅಚ್ಚಿನ ಮೇಲೆ, ಉಳಿದದ್ದು ಟ್ರಾಕ್ಟರಿನ ಹುಕ್ಕಿನ ಮೇಲೆ. ಶಾಲೆಯ ಲೆಕ್ಕದಂತೆ ನೋಡೋಣ. ಹುಕ್ಕಿನಿಂದ ಅಚ್ಚಿಗೆ 10 ಅಡಿ. ಟ್ರಾಲಿ, ಕಬ್ಬು ಎರಡೂ ಸೇರಿ 6 ಟನ್ನು. ಭಾರದ ನಡುಬಿಂದು ಅಚ್ಚಿನಿಂದ 1 ಅಡಿ ಮುಂದೆ ಎಂದಿಟ್ಟುಕೊಳ್ಳಿ. ಆಗ ಭಾರದ ಹತ್ತರಲ್ಲೊಂದು ಪಾಲು, ಅಂದರೆ 600 ಕಿಲೋ, ಹುಕ್ಕಿನ ಮೇಲೆ ಬೀಳುತ್ತದೆ. ನಡುಬಿಂದು 2 ಅಡಿ ಮುಂದೆ ಬಂದರೆ 1,200 ಕಿಲೋ. ಆಗ ಟ್ರಾಕ್ಟರಿನ ಮುಂಗಾಲಿ ಹಗುರಾಗಿ ಸ್ಟೇರಿಂಗು ಮಾತು ಕೇಳುವುದಿಲ್ಲ. ನಡುಬಿಂದು ಅಚ್ಚಿನ ಹಿಂದೆ ಹೋದರೆ ಹುಕ್ಕು ಮೇಲಕ್ಕೆ ಎಳೆಯುತ್ತದೆ, ಹಿಂಗಾಲಿಗಳ ಹಿಡಿತ ತಪ್ಪುತ್ತದೆ.

ಇದು ಸಪಾಟು ದಾರಿಯ ಮಾತಾಯಿತು. ಕಬ್ಬನ್ನು ನಾವು ಎತ್ತರಕ್ಕೆ ಹೇರುತ್ತೇವೆ. ಭಾರದ ನಡುಬಿಂದು ಅಚ್ಚಿನ ಮಟ್ಟಕ್ಕಿಂತ 5 ಅಡಿ ಮೇಲಿದ್ದು, ದಾರಿ ಹತ್ತು ಅಡಿಗೆ ಒಂದು ಅಡಿ ಏರುವಂಥದಾದರೆ ಆ ಬಿಂದು ಅರ್ಧ ಅಡಿ ಹಿಂದಕ್ಕೆ ಸರಿದಂತಾಗುತ್ತದೆ. ಮೊದಲಿನ 600 ಕಿಲೋ ಏರಿನಲ್ಲಿ 300 ಆಗುತ್ತದೆ, ಇಳಿಜಾರಿನಲ್ಲಿ 900 ಆಗುತ್ತದೆ. ಏರಿನಲ್ಲಿ ಹಿಡಿತ ಹೆಚ್ಚು ಬೇಕು. ಆಗಲೇ ಹುಕ್ಕಿನ ಭಾರ ಅರ್ಧಕ್ಕೆ ಇಳಿಯುತ್ತದೆ. ಹೊಲದಿಂದ ರಸ್ತೆಗೆ ಹತ್ತುವಲ್ಲಿ ಟ್ರಾಕ್ಟರಿನ ಹಿಂಗಾಲಿ ಗರಗರ ತಿರುಗಿ ಮಣ್ಣು ತೋಡುವುದನ್ನು ಯಾರು ಕಂಡಿಲ್ಲ? “ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು” ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಐದನೆಯ ಗಾಲಿ

ಈಗ ನಾಲ್ಕು ಗಾಲಿಯ ಟ್ರಾಲಿಗೆ ಬರೋಣ. ಇದಕ್ಕೆ ಹಿಂದೊಂದು ಅಚ್ಚು, ಮುಂದೊಂದು ಅಚ್ಚು. ಮುಂದಿನ ಅಚ್ಚು ತಿರುಗಬೇಕಾದ್ದರಿಂದ ಅದರ ಮೇಲೆ ಕಬ್ಬಿಣದ ದೊಡ್ಡ ಬಳೆಯನ್ನು ಅಡ್ಡಲಾಗಿ ಕೂಡ್ರಿಸಿರುತ್ತಾರೆ. ಹಳೆಯ ಕಾಲದ ನಾಲ್ಕು ಗಾಲಿಯ ಕುದುರೆಗಾಡಿಗಳಿಗೂ ಇಂಥದೇ ಬಳೆಯಿತ್ತು. ನೆಲಕ್ಕೆ ತಾಗದ, ಆದರೆ ಗಾಲಿಯಂತೆ ತಿರುಗುವ ಆ ಬಳೆಯನ್ನು ಇಂಗ್ಲಿಷ್ ಮಾತಿನ ಗಾಡಿಕಾರರು ‘ಫಿಫ್ತ್ ವ್ಹೀಲ್’, ಎಂದರೆ ಐದನೆಯ ಗಾಲಿ ಎಂದು ಕರೆದರು.

ಹೆಸರು ಅಲ್ಲಿಗೇ ನಿಲ್ಲಲಿಲ್ಲ. 1914ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಕಮ್ಮಾರ ಆಗಸ್ಟ್ ಫ್ರುಹಾಫ್ ಎಂಬವನು ಗಿರಾಕಿಯೊಬ್ಬನ ದೋಣಿ ಸಾಗಿಸಲು ಫೋರ್ಡ್ ಮೋಟಾರಿಗೆ ಟ್ರೇಲರು ಮಾಡಿಕೊಟ್ಟನು. ಅದಕ್ಕೆ ‘ಸೆಮಿ ಟ್ರೇಲರ್’ ಎಂಬ ಹೆಸರು ಬಂತು. ಸೆಮಿ ಎಂದರೆ ಅರ್ಧ. ಹಿಂಭಾಗಕ್ಕೆ ಮಾತ್ರ ಗಾಲಿ, ಮುಂಭಾಗದ ಭಾರ ಎಳೆಯುವ ಗಾಡಿಯ ಬೆನ್ನಮೇಲೆ. ಇಂದು ಹೆದ್ದಾರಿಯಲ್ಲಿ ಓಡುವ ಉದ್ದನ್ನ ಲಾರಿಗಳೆಲ್ಲ ಈ ವರ್ಗದವು. ಲಾರಿಯ ಬೆನ್ನಮೇಲೆ ಟ್ರೇಲರಿನ ಪಿನ್ನು ಕೂಡ್ರುವ ತಟ್ಟೆಗೂ ‘ಫಿಫ್ತ್ ವ್ಹೀಲ್’ ಎಂದೇ ಹೆಸರು. ಅಮೆರಿಕದಲ್ಲಿ ಹೀಗೆ ಬೆನ್ನಿಗೆ ಕೂಡ್ರಿಸಿ ಎಳೆಯುವ ಮನೆಗಳೂ ಇವೆ. ಅಡಿಗೆಮನೆ, ಮಲಗುವ ಕೋಣೆಗಳಿರುವ ಆ ದೊಡ್ಡ ಟ್ರೇಲರನ್ನೇ ಜನ ‘ಫಿಫ್ತ್ ವ್ಹೀಲ್’ ಎನ್ನುತ್ತಾರೆ.

ಆ ಮನೆಗಾಡಿ ಕೊಳ್ಳುವವರಿಗೂ ನನ್ನ ವಿದ್ಯಾರ್ಥಿಯ ಪ್ರಶ್ನೆಯೇ ಬರುತ್ತದೆ: ಎರಡಚ್ಚಿನದೋ, ಮೂರಚ್ಚಿನದೋ? ಅದರ ಲೆಕ್ಕ ನಮಗೂ ಪಾಠ. ಮನೆಗಾಡಿ 7 ಟನ್ನಿನದೆನ್ನಿ. ಇಂಥ ಗಾಡಿಗಳಲ್ಲಿ ನೂರಕ್ಕೆ 15ರಿಂದ 25ರಷ್ಟು ಭಾರ ಎಳೆಯುವ ಗಾಡಿಯ ಬೆನ್ನಿಗೆ ಬೀಳುವುದು ವಾಡಿಕೆ. ನೂರಕ್ಕೆ 20 ಎಂದರೆ 1.4 ಟನ್ನು ಬೆನ್ನಿಗಾಯಿತು, ಉಳಿದ 5.6 ಟನ್ನು ಅಚ್ಚುಗಳಿಗೆ, ಅಂದರೆ ಒಂದು ಮಗ್ಗುಲಿಗೆ 2.8 ಟನ್ನು. ಇವಕ್ಕೆ ಹಾಕುವ ಒಂದು ಸಾಮಾನ್ಯ ಅಳತೆಯ ಟಾಯರು ಹೊರಬಲ್ಲ ಮಿತಿ ಸುಮಾರು 1,600 ಕಿಲೋ. ಎರಡಚ್ಚಿನ ಗಾಡಿಯಲ್ಲಿ ಮಗ್ಗುಲಿಗೆ ಎರಡು ಟಾಯರು, ಒಂದೊಂದಕ್ಕೆ 1,400 ಕಿಲೋ. ಒಂದು ಒಡೆಯಿತೆಂದರೆ ಉಳಿದೊಂದರ ಮೇಲೆ ಹೆಚ್ಚು ಕಡಿಮೆ 2,800 ಕಿಲೋ ಬಿದ್ದು ಅದೂ ಹೋಗುತ್ತದೆ. ಮೂರಚ್ಚಿನದರಲ್ಲಿ ಒಂದೊಂದಕ್ಕೆ 930 ಕಿಲೋ. ಒಂದು ಒಡೆದರೂ ಉಳಿದೆರಡು 1,400ರಂತೆ ಹೊತ್ತು ಗಾಡಿಯನ್ನು ದಂಡೆಗೆ ತಂದು ನಿಲ್ಲಿಸುತ್ತವೆ. ಬ್ರೇಕುಗಳೂ ನಾಲ್ಕರ ಬದಲು ಆರಾಗುತ್ತವೆ.

ಮೂರನೆಯ ಅಚ್ಚಿನ ಪ್ರಯೋಜನವೆಂದರೆ ಇದೇ: ಆಪತ್ತಿಗೆ ಇಟ್ಟುಕೊಂಡ ಉಳಿಕೆ. ಅದರ ಬೆಲೆಯನ್ನೂ ಕೊಡಬೇಕು. ಒತ್ತೊತ್ತಾಗಿ ಇಟ್ಟ ಅಚ್ಚುಗಳು ತಿರುವಿನಲ್ಲಿ ಒಂದರ ದಾರಿ ಒಂದಕ್ಕೆ ಕೂಡದೆ ಟಾಯರನ್ನು ಅಡ್ಡಲಾಗಿ ಉಜ್ಜುತ್ತವೆ. ಮೂರಾದರೆ ಉಜ್ಜುವುದು ಇನ್ನೂ ಹೆಚ್ಚು. ಟಾಯರು, ಬೇರಿಂಗುಗಳ ಖರ್ಚೂ ಹೆಚ್ಚು. ಆದರೆ ಒಂದು ಮಾತು ಮರೆಯಬಾರದು. ಅಚ್ಚು ಎಷ್ಟಾದರೂ ಎಳೆಯಬೇಕಾದ 7 ಟನ್ನು 7 ಟನ್ನೇ. ಎಳೆಯುವ ಗಾಡಿಯ ಶಕ್ತಿಯನ್ನಾಗಲಿ ಅದರ ಬ್ರೇಕನ್ನಾಗಲಿ ಹಿಂದಿನ ಅಚ್ಚು ಹೆಚ್ಚಿಸುವುದಿಲ್ಲ. ಮೂರನೆಯ ಅಚ್ಚಿದೆಯೆಂದು ಇನ್ನೂ ಎರಡು ಟನ್ನು ತುಂಬಿದವನು ಉಳಿಕೆಯನ್ನೇ ತಿಂದು ಕೂತಂತೆ.

ನಮ್ಮ ತಾಲೂಕಿನ ಗಾಳಿಯಂತ್ರಗಳ ಉದ್ದನ್ನ ರೆಕ್ಕೆ ಹೊತ್ತ ಗಾಡಿಗಳನ್ನು ಕಂಡು ನನ್ನ ಶಾಲೆಯ ಮಕ್ಕಳು ಗಾಲಿ ಎಣಿಸುತ್ತ ರಸ್ತೆಯ ದಂಡೆಗೆ ನಿಂತದ್ದುಂಟು. ಅಷ್ಟು ಗಾಲಿ ಯಾಕೆಂದು ಕೇಳಿದರೆ ನಾನು ಹೇಳುವುದು ಒಂದೇ: ಭಾರ ಹೆಚ್ಚಿಸಲಿಕ್ಕಲ್ಲ, ಇದ್ದ ಭಾರವನ್ನು ಹಂಚಲಿಕ್ಕೆ.

ನಾಲ್ಕು ಗಾಲಿಯ ಗುಣ-ದೋಷ

ನಾಲ್ಕು ಗಾಲಿಯ ಟ್ರಾಲಿಯ ಗುಣ ಸ್ಪಷ್ಟವಿದೆ. ಹುಕ್ಕಿನ ಮೇಲೆ ಭಾರ ಬೀಳುವುದಿಲ್ಲ, ಮುಂದೆ ಹಿಂದೆ ಹೇರಿನ ತಕರಾರು ಕಡಿಮೆ. ಟ್ರಾಕ್ಟರು ಬಿಚ್ಚಿದರೂ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ಹೊರೆ ಅಷ್ಟೇ ಇದ್ದರೆ ಎರೆ ನೆಲದಲ್ಲಿ ಗಾಲಿ ಹುಗಿಯುವುದೂ ಕಡಿಮೆ.

ದೋಷಗಳನ್ನು ಮಾರುವವರು ಹೇಳುವುದಿಲ್ಲ. ಮೊದಲನೆಯದು, ಹುಕ್ಕಿನ ಮೇಲೆ ಭಾರವಿಲ್ಲದ್ದರಿಂದ ಟ್ರಾಕ್ಟರಿನ ಹಿಂಗಾಲಿಗೆ ಹಿಡಿತ ಬರಬೇಕಾದದ್ದು ಅದರ ಸ್ವಂತ ತೂಕದಿಂದ ಮಾತ್ರ. ಹಸಿ ಎರೆಯಲ್ಲಿ ಅದು ಸಾಲದು. ಎರಡನೆಯದು, ಹುಕ್ಕು ಒಂದು ಕೀಲು, ತಿರುಗುವ ಬಳೆ ಇನ್ನೊಂದು ಕೀಲು. ಎರಡು ಕೀಲಿನ ಗಾಡಿಯನ್ನು ಹಿಂದಕ್ಕೆ ನಡೆಸುವುದು ನುರಿತ ಚಾಲಕನಿಗೂ ಕಷ್ಟ. ಮೂರನೆಯದು, ಸಣ್ಣ ತಿರುವಿನಲ್ಲಿ ಮುಂದಿನ ಅಚ್ಚು ಪೂರಾ ಹೊರಳಿದಾಗ ಮುಂಭಾಗದ ಆಸರೆ ಕಿರಿದಾಗುತ್ತದೆ. ನಾಲ್ಕು ಕಾಲಿನ ಮಂಚ ಆ ಗಳಿಗೆಯಲ್ಲಿ ಮೂರು ಕಾಲಿನದಾದಂತೆ. ಎತ್ತರದ ಕಬ್ಬಿನ ಹೇರು ಮಗುಚುವುದು ಬಹುಶಃ ಅಲ್ಲಿಯೇ.

ನಾಲ್ಕನೆಯದು ಎಲ್ಲಕ್ಕೂ ದೊಡ್ಡದು. ಹುಕ್ಕಿನ ಮೇಲೆ ಭಾರ ಬೀಳದ್ದರಿಂದ ಒಂದರ ಹಿಂದೆ ಇನ್ನೊಂದು ಟ್ರಾಲಿ ಸಿಗಿಸುವ ಆಸೆ ಹುಟ್ಟುತ್ತದೆ. ತಲಾ 8 ಟನ್ನಿನ ಎರಡು ಟ್ರಾಲಿ ಎಂದರೆ 16 ಟನ್ನು. ಮುಂದಿರುವ ಟ್ರಾಕ್ಟರಿನ ತೂಕ ಸುಮಾರು 2 ಟನ್ನು, ಅದಕ್ಕೆ ಬ್ರೇಕಿರುವುದು ಹಿಂದಿನ ಎರಡು ಗಾಲಿಗಳಿಗೆ. ನಾನು ನಮ್ಮ ಕಡೆ ಕಂಡ ಟ್ರಾಲಿಗಳಲ್ಲಿ ಬಹುತೇಕ ಯಾವುದಕ್ಕೂ ಸ್ವಂತ ಬ್ರೇಕಿಲ್ಲ. ಇಪ್ಪತ್ತು ಅಡಿಗೆ ಒಂದು ಅಡಿ ಇಳಿಯುವ ಸಾಧಾರಣ ಇಳಿಜಾರಿನಲ್ಲಿ ಆ 16 ಟನ್ನು ಟ್ರಾಕ್ಟರನ್ನು 800 ಕಿಲೋದಷ್ಟು ಬಲದಿಂದ ಹಿಂದಿನಿಂದ ನೂಕುತ್ತದೆ. ಬ್ರೇಕು ಒತ್ತಿದರೆ ಟ್ರಾಕ್ಟರು ನಿಲ್ಲಲು ನೋಡುತ್ತದೆ, ಟ್ರಾಲಿಗಳು ನಿಲ್ಲುವುದಿಲ್ಲ. ಮೂರೂ ಕೂಡಿ ಕತ್ತರಿಯಂತೆ ಮಡಚಿಕೊಳ್ಳುತ್ತವೆ.

ನನ್ನದೇ ತಪ್ಪು

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕಳೆದ ಹಂಗಾಮಿನಲ್ಲಿ ನನ್ನ ಎರಡೆಕರೆ ಕಬ್ಬಿನ ಕಡೆಯ ಖೇಪು ಉಳಿದಿತ್ತು. ಕಡಿಯುವ ಟೋಳಿಯವರು ಮರುದಿನ ಬೇರೆ ಊರಿಗೆ ಹೋಗುವವರು. ಬಾಡಿಗೆ ಟ್ರಾಕ್ಟರಿನ ಹುಡುಗ, “ಎರಡು ಸಲ ಹೋಗೋಣ್ರಿ, ಹೇರು ಬಾಳ ಆಗತೈತಿ” ಎಂದ. ನಾನೇ, “ಎರಡೂ ಟ್ರಾಲಿಗೆ ಹಂಚಿ ಹಾಕು, ಒಂದೇ ಖೇಪಿನಲ್ಲಿ ಮುಗಿಸಿಬಿಡು” ಎಂದೆ.

ಹಳ್ಳದ ಇಳಿಜಾರಿನಲ್ಲಿ ಹಿಂದಿನ ಟ್ರಾಲಿ ಅಡ್ಡ ತಿರುಗಿತು. ಮುಂದಿನದನ್ನು ನೂಕಿತು, ತಾನು ಎಡಕ್ಕೆ ಮಗುಚಿತು. ಕಬ್ಬು ರಸ್ತೆಯ ಅಂಚಿನಿಂದ ಗಟಾರದವರೆಗೆ ಚೆಲ್ಲಿ ಬಿತ್ತು. ಹುಡುಗನ ಕೈಮೂಳೆ ಮುರಿಯಿತು. ದೇವರ ದಯೆ, ಜೀವ ಉಳಿಯಿತು. ನಾನು ಓಡಿ ಹೋಗಿ ನೋಡಿದಾಗ ಕೈಕಾಲು ತಣ್ಣಗಾದದ್ದು ಇನ್ನೊಂದು ಕಾರಣಕ್ಕೆ. ಹತ್ತು ನಿಮಿಷದ ಹಿಂದೆ ಶಾಲೆ ಬಿಟ್ಟ ಮಕ್ಕಳು ಅದೇ ಎಡ ಅಂಚಿನಲ್ಲಿ ಸಾಲುಗಟ್ಟಿ ಮನೆಗೆ ನಡೆದು ಹೋಗಿದ್ದರು. ರಸ್ತೆಯ ಎಡಕ್ಕೇ ನಡೆಯಬೇಕೆಂದು ಅವರಿಗೆ ಕಲಿಸಿದವನು ನಾನು. ಲೆಕ್ಕ ಕಲಿಸುವವನೂ ನಾನೇ. ನನ್ನ ಕಬ್ಬಿನ ಲೆಕ್ಕವನ್ನು ಮಾತ್ರ ಮಾಡಿರಲಿಲ್ಲ. ಎರಡು ಟ್ರಾಲಿಗೆ ಹಂಚಿದೆನೆಂಬ ಸಮಾಧಾನದಲ್ಲಿ, ಹಂಚಿದ್ದು ಹೊರೆಯನ್ನಲ್ಲ, ಕೂಡಿಸಿದ್ದು ಆಪತ್ತನ್ನು ಎಂಬುದು ತಿಳಿಯಲಿಲ್ಲ.

ರಸ್ತೆಯ ಲೆಕ್ಕ

ಇನ್ನು ರಸ್ತೆ. ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಎಂಬಲ್ಲಿ 1958ರಿಂದ 1960ರ ವರೆಗೆ ಬೇರೆ ಬೇರೆ ಭಾರದ ಲಾರಿಗಳನ್ನು ಹೊಸದಾಗಿ ಕಟ್ಟಿದ ರಸ್ತೆಗಳ ಮೇಲೆ ಸತತವಾಗಿ ಓಡಿಸಿ ನೋಡಿದರು. ಅದರಿಂದ ಹೊರಬಿದ್ದ ಸೂತ್ರವನ್ನು ಇಂಜಿನಿಯರುಗಳು ಇಂದಿಗೂ ಬಳಸುತ್ತಾರೆ: ಒಂದು ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಯ ಸವೆತ ಇಮ್ಮಡಿಯಲ್ಲ, ಸುಮಾರು ಹದಿನಾರು ಮಡಿ. ಭಾರ ಒಂದೂವರೆ ಪಟ್ಟಾದರೆ ಸವೆತ ಐದು ಪಟ್ಟು.

ತಿರುವಿ ಹಾಕಿ ನೋಡಿರಿ. ಅದೇ ಹೊರೆಯನ್ನು ಒಂದಚ್ಚಿನ ಬದಲು ಎರಡಚ್ಚಿಗೆ ಹಂಚಿದರೆ ಒಂದೊಂದು ಅಚ್ಚಿನ ಸವೆತ ಹದಿನಾರರಲ್ಲೊಂದು, ಎರಡೂ ಸೇರಿ ಎಂಟರಲ್ಲೊಂದು. ಎಷ್ಟು ದೊಡ್ಡ ಉಳಿತಾಯ! ಆದರೆ ಎರಡಚ್ಚಾಯಿತೆಂದು ಹೊರೆಯನ್ನು ಇಮ್ಮಡಿ ಮಾಡಿದ ದಿನ ಆ ಉಳಿತಾಯವೆಲ್ಲ ಹೋಯಿತು. ಅದರ ಮೇಲೆ ಇನ್ನಷ್ಟು ಹೇರಿದರೆ ಸಾಲವೇ ಆಯಿತು. ಪ್ರಧಾನಮಂತ್ರಿ ಗ್ರಾಮ ಸಡಕ ಯೋಜನೆ 2000ದಲ್ಲಿ ಸುರುವಾದ ಮೇಲೆ ಎಷ್ಟೋ ಹಳ್ಳಿಗಳು ಮೊದಲ ಸಲ ಡಾಂಬರು ಕಂಡವು. ಆ ರಸ್ತೆಯಲ್ಲಿ ಬಸುರಿ ಹೆಂಗಸರು ದವಾಖಾನೆಗೆ, ಮಕ್ಕಳು ಶಾಲೆಗೆ ಹೋಗುತ್ತಾರೆ. ನಮ್ಮ ಕಬ್ಬು ಅದನ್ನು ಒಂದೆರಡು ಹಂಗಾಮಿನಲ್ಲಿ ಅರೆದು ಹಾಕಬಾರದು.

ಸರಕಾರದ ನಿಯಮದಲ್ಲಿಯೂ ಈ ತತ್ವವುಂಟು. 2018ರಲ್ಲಿ ಲಾರಿಗಳ ಅಚ್ಚುಭಾರದ ಮಿತಿಯನ್ನು ಏರಿಸಿದಾಗ ನಾಲ್ಕು ಟಾಯರಿನ ಒಂಟಿ ಅಚ್ಚಿಗೆ 11.5 ಟನ್ನು, ಒತ್ತಿನ ಎರಡಚ್ಚಿಗೆ 21 ಟನ್ನು, ಮೂರಚ್ಚಿಗೆ 27 ಟನ್ನು ಎಂದು ಗೊತ್ತುಪಡಿಸಿದರು. ಎರಡಚ್ಚಿಗೆ 23 ಕೊಡಲಿಲ್ಲ, ಮೂರಚ್ಚಿಗೆ 34.5 ಕೊಡಲಿಲ್ಲ. ಅಚ್ಚು ಕೂಡಿದಂತೆ ಒಂದೊಂದರ ಪಾಲು ಇಳಿಯುತ್ತ ಹೋಗುತ್ತದೆ.

ಬಾಡಿಗೆಯ ಮಾತು

“ಗುರುಗಳ, ನಿಮ್ಮ ಲೆಕ್ಕ ಖರೆ. ಡೀಜಲ್ ಲೆಕ್ಕ ಯಾರು ಮಾಡವರು?” ಎಂದು ಟ್ರಾಕ್ಟರಿನವರು ಕೇಳುತ್ತಾರೆ. ಅವರದೂ ನ್ಯಾಯವೇ. ಬಾಡಿಗೆ ಟನ್ನಿನ ಮೇಲೆ. ಕಾರಖಾನೆಯ ಅಂಗಳದಲ್ಲಿ ಪಾಳಿ ಹಚ್ಚಿ ರಾತ್ರಿಯೆಲ್ಲ ಕೂಡ್ರಬೇಕು. ಒಂದು ಖೇಪಿಗೆ ಅಷ್ಟು ಹೊತ್ತು ಕಾಯುವವನು ಆ ಒಂದು ಖೇಪಿನಲ್ಲಿಯೇ ಎಲ್ಲ ತುಂಬಲು ನೋಡುವುದು ಸಹಜ. ಆದ್ದರಿಂದ ಕೇವಲ ಚಾಲಕನನ್ನು ಬಯ್ದು ಫಲವಿಲ್ಲ. ಅಂಗಳದ ಪಾಳಿ ಕಡಿಮೆಯಾಗಬೇಕು. ಇಂಥ ಊರಿನ ಗಾಡಿ ಇಂಥ ಹೊತ್ತಿಗೆ ಎಂದು ಚೀಟಿ ಕೊಟ್ಟು ಕರೆಯಬೇಕು. ಎರಡು ಹಗುರ ಖೇಪು ಮಾಡಿದವನಿಗೆ ಒಂದು ಭಾರೀ ಖೇಪಿಗಿಂತ ನಷ್ಟವಾಗಬಾರದು.

ಇದನ್ನು ಕೇಳುವ ಹಕ್ಕು ನಮಗಿದೆ. ಮಹಾರಾಷ್ಟ್ರದಲ್ಲಿ ಕಟಾವು, ಸಾಗಣೆಯ ಖರ್ಚು ಕಬ್ಬಿನ ಬಿಲ್ಲಿನಲ್ಲಿಯೇ ಕಡಿತವಾಗುತ್ತದೆ. ಟ್ರಾಲಿಯನ್ನು ನಡೆಸುವುದು ನಮ್ಮ ದುಡ್ಡು. ದುಡ್ಡು ಕೊಡುವವನು ಹೊರೆ ಎಷ್ಟಿರಬೇಕೆಂದು ಹೇಳಬಾರದೇ? ನಾನು ಅಂದು ಹೇಳಿದ್ದು ತಪ್ಪು ಮಾತು; ಸರಿಯಾದ ಮಾತನ್ನೂ ನಾವೇ ಹೇಳಬಹುದು.

ನನ್ನ ವಿನಂತಿ

ಹಾಗಾದರೆ ನನ್ನ ವಿದ್ಯಾರ್ಥಿಗೆ ಏನು ಹೇಳಿದೆನೆಂದು ಓದುಗರು ಕೇಳಬಹುದು. ಗೊಬ್ಬರ, ಮಣ್ಣು, ಕಣಕಿ, ಹೊಲದಿಂದ ಮನೆಗೆ ಸಣ್ಣ ದಾರಿ — ಇಷ್ಟೇ ಕೆಲಸವಾದರೆ ಒಂದಚ್ಚಿನ ಎರಡು ಗಾಲಿಯದು ಸಾಕು. ಹಿಂದೆ ನಡೆಸಲು ಸುಲಭ, ಟ್ರಾಕ್ಟರಿಗೆ ಹಿಡಿತ ಕೊಡುತ್ತದೆ, ಬೆಲೆಯೂ ಕಡಿಮೆ. ಹೇರು ಮಾತ್ರ ತಂದೆಯವರ ಚಕ್ಕಡಿಯಂತೆ ಅಚ್ಚಿನ ತುಸು ಮುಂದೆ ಇರಲಿ. ದೂರದ ಕಾರಖಾನೆಗೆ ಕಬ್ಬು ಹೊರುವುದಾದರೆ ಎರಡಚ್ಚಿನ ನಾಲ್ಕು ಗಾಲಿಯದನ್ನೇ ಕೊಳ್ಳಬೇಕು. ಆದರೆ ಮಾಡುವಾಗಲೇ ಅದಕ್ಕೆ ಸ್ವಂತ ಬ್ರೇಕು ಹಚ್ಚಿಸಬೇಕು. ಹಸಿರು ಬಣ್ಣಕ್ಕೆ, ಹಿಂದಿನ ಹಲಗೆಯ ಚಿತ್ರಕ್ಕೆ, ಹಾಡಿನ ಡಬ್ಬಿಗೆ ಸುರಿಯುವ ದುಡ್ಡಿನಲ್ಲಿ ಬ್ರೇಕಿಗೂ ಒಂದು ಪಾಲಿರಲಿ. ಹಿಂದೆ ಕೆಂಪು ಹೊಳಪುಪಟ್ಟಿ ಅಂಟಿಸಬೇಕು. ಇಳಿಜಾರು ಸುರುವಾಗುವ ಮೊದಲೇ ಸಣ್ಣ ಗಿಯರಿಗೆ ಬರಬೇಕು. ಹುಕ್ಕಿನ ಪಿನ್ನಿಗೆ ಕೀಲು ಹಾಕಿ, ಮೇಲೆ ಸರಪಳಿಯನ್ನೂ ಕಟ್ಟಬೇಕು. ಎರಡನೆಯ ಟ್ರಾಲಿಯನ್ನು ಮಾತ್ರ ಸಿಗಿಸಲೇಬಾರದು.

ಎಲ್ಲಕ್ಕೂ ಮೇಲಾಗಿ, ಎರಡನೆಯ ಅಚ್ಚನ್ನು ಮನೆಯ ಕಣಜದಲ್ಲಿ ಬರಗಾಲಕ್ಕೆಂದು ತೆಗೆದಿಟ್ಟ ಜೋಳದಂತೆ ಕಾಣಬೇಕು. ಅದು ಇದೆಯೆಂದು ದಿನಾ ಹೆಚ್ಚು ಉಣ್ಣುವವನ ಮನೆಯಲ್ಲಿ ಬರ ಬಂದಾಗ ಏನೂ ಉಳಿದಿರುವುದಿಲ್ಲ.

ವಿದ್ಯಾರ್ಥಿ ಎಲ್ಲವನ್ನೂ ಕೇಳಿ, “ಬ್ರೇಕಿಗೆ ಎಷ್ಟು ಖರ್ಚ ಬರತೈತ್ರಿ?” ಎಂದ. ಅವನಿಗೆ ಉತ್ತರ ಕೊಡಬೇಕಾದವನು ಟ್ರಾಲಿ ಮಾಡುವ ಕಮ್ಮಾರ. ಆದರೆ ಅವನು ಕೇಳಿದ ಪ್ರಶ್ನೆ ಬದಲಾಯಿತೆಂಬುದೇ ನನಗೆ ಸಂತೋಷ. ಈ ಹಂಗಾಮಿನಲ್ಲಿ ಹೊಸ ಟ್ರಾಲಿ ಕೊಳ್ಳುವ ರೈತ ಬಾಂಧವರೆಲ್ಲರೂ ಎಷ್ಟು ತುಂಬುತ್ತದೆ ಎಂದು ಕೇಳುವ ಮೊದಲು, ಹೇಗೆ ನಿಲ್ಲುತ್ತದೆ ಎಂದು ಕೇಳಲಿ. ಶಾಲೆ ಬಿಟ್ಟ ಮಕ್ಕಳು ಅದೇ ರಸ್ತೆಯಲ್ಲಿ ನಡೆದು ಬರುತ್ತಿರುತ್ತಾರೆ.